ಮರಳುಗಾಡಿಗೆ ಮರಳೂ ಹೊರಗಿನದೇ

ಸುತ್ತ ಎತ್ತ ನೋಡಿದರೂ ಮರಳೇ ಇರುವ ಊರು ದುಬೈ. ಆದರೆ 2001ರಲ್ಲಿ ಸಮುದ್ರದೊಳಗೆ ಖರ್ಜೂರದ ಮರದ ಆಕಾರದ ದ್ವೀಪ ಕಟ್ಟಲು ಹೊರಟಾಗ ಆ ಮರಳು ಕೆಲಸಕ್ಕೆ ಬರಲಿಲ್ಲ. ಸಾವಿರಾರು ವರ್ಷ ಗಾಳಿಗೆ ಉರುಳಿದ ಮರುಭೂಮಿಯ ಮರಳಿನ ಕಣಗಳು ಸವೆದು ಗುಂಡಗಾಗಿರುತ್ತವೆ. ನೀರಿಗೆ ಸುರಿದರೆ ಒಂದರ ಮೇಲೊಂದು ಜಾರುತ್ತವೆಯೇ ಹೊರತು ಗಟ್ಟಿಯಾಗಿ ಕೂರುವುದಿಲ್ಲ. ಕೊನೆಗೆ ಪರ್ಷಿಯನ್ ಕೊಲ್ಲಿಯ ತಳ ಬಗೆದು, ಹಡಗುಗಳಲ್ಲಿ ಹೀರಿ ತಂದು, ಕೊಳವೆಯಿಂದ ಕಮಾನಿನಂತೆ ಚಿಮ್ಮಿಸಿ ಸುರಿದದ್ದು ಸುಮಾರು 9.4 ಕೋಟಿ ಘನ ಮೀಟರ್ ಕಡಲ ಮರಳು. ಅದರ ಸುತ್ತ ಅಲೆ ತಡೆಯಲು 11 ಕಿಲೊಮೀಟರ್ ಉದ್ದದ ಬಂಡೆಗಳ ಬಿಲ್ಲು ಕಟ್ಟಿದರು. ಒಳಗಿನ ನೀರು ಓಡಾಡದೆ ಕೊಳೆಯುವ ಲಕ್ಷಣ ಕಂಡಾಗ ಆ ಬಿಲ್ಲನ್ನು ಎರಡು ಕಡೆ ಬಿಡಿಸಿ ಕಡಲಿಗೆ ದಾರಿ ಮಾಡಿಕೊಟ್ಟರು. ಇವತ್ತು ಪಾಮ್ ಜುಮೇರಾ ಎಂದು ಕರೆಯುವ ಆ ದ್ವೀಪದ ಮೇಲೆ ಹೋಟೆಲು, ಬಂಗಲೆ, ಮೊನೊರೈಲು ಎಲ್ಲವೂ ಇವೆ.

ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾರಾಟದಲ್ಲಿ ಸಿಗುವ ಈ ಊರಿಗೆ ಮೊದಲ ಸಲ ಹೋದವರು ಸಾಮಾನ್ಯವಾಗಿ ಎರಡೇ ಅಭಿಪ್ರಾಯ ಹೊತ್ತು ಬರುತ್ತಾರೆ. ‘ಅಬ್ಬಾ, ಸ್ವರ್ಗ’ ಅನ್ನುವವರು ಒಂದು ಕಡೆ, ‘ಎಲ್ಲ ನಕಲಿ, ದುಡ್ಡಿನ ಮೆರೆದಾಟ’ ಅನ್ನುವವರು ಇನ್ನೊಂದು ಕಡೆ. ಎರಡೂ ಅವಸರದ ಮಾತುಗಳು. ಅಲ್ಲಿ ಕಣ್ಣಿಗೆ ಬೀಳುವ ಯಾವುದನ್ನೇ ಆಗಲಿ, ‘ಇದು ಎಲ್ಲಿಂದ ಬಂತು?’ ಎಂದು ಕೇಳುತ್ತಾ ಹೋದರೆ ಊರು ಬೇರೆಯೇ ರೀತಿ ತೆರೆದುಕೊಳ್ಳುತ್ತದೆ. ಕುಡಿಯುವ ನೀರು, ಕೋಣೆಯ ತಂಪು, ತಟ್ಟೆಯ ಅನ್ನ, ಅಂಗಡಿಯ ಚಿನ್ನ, ಕಟ್ಟಡ ಕಟ್ಟಿದ ಕೈಗಳು, ಯಾವುದೂ ಆ ನೆಲದ್ದಲ್ಲ. ಹೊರಗಿನದನ್ನು ತಂದು ಇಳಿಸಿ, ಅದಕ್ಕೊಂದು ಬೆಲೆ ಕಟ್ಟಿ ಬದುಕುವುದು ದುಬೈನ ಹಳೆಯ ಕಸುಬು. ಗೋಪುರಗಳು ಬರುವುದಕ್ಕೆ ಬಹಳ ಮೊದಲೇ ಆ ಕಸುಬು ಅಲ್ಲಿತ್ತು.

ಎಣ್ಣೆಗಿಂತ ಹಳೆಯ ಪೇಟೆ

ದುಬೈ ಅಂದರೆ ಎಣ್ಣೆ ದುಡ್ಡು ಎಂಬ ಮಾತು ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ನೆರೆಯ ಅಬುಧಾಬಿಯ ಮಟ್ಟಿಗೆ ಅದು ನಿಜ; ಎರಡೂ ಸೇರಿರುವ ಸಂಯುಕ್ತ ಅರಬ್ ಎಮಿರೇಟ್ಸ್‌ನ (ಯುಎಇ) ತೈಲ ನಿಕ್ಷೇಪದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಇರುವುದು ಅಲ್ಲಿ. ದುಬೈನಲ್ಲಿ ತೈಲ ಸಿಕ್ಕಿದ್ದು 1966ರಲ್ಲಿ, ಅದೂ ಸಮುದ್ರದ ನಡುವೆ. ರಫ್ತು ಶುರುವಾದದ್ದು 1969ರಲ್ಲಿ. ಉತ್ಪಾದನೆ 1990ರ ದಶಕದ ಆರಂಭದಲ್ಲೇ ತುದಿ ಮುಟ್ಟಿ ಇಳಿಯತೊಡಗಿತು. ಈಗ ದುಬೈ ಆರ್ಥಿಕತೆಯಲ್ಲಿ ತೈಲದ ಪಾಲು ಶೇ 2ಕ್ಕಿಂತ ಕಡಿಮೆ.

ಊರಿನ ಮೂಲ ಬಂಡವಾಳ ಕ್ರೀಕ್. ಸಮುದ್ರ ಒಳನಾಡಿಗೆ ಚಾಚಿದ ಉಪ್ಪುನೀರಿನ ಒಂದು ಕವಲು ಅದು. 1833ರಲ್ಲಿ ಅಬುಧಾಬಿಯಿಂದ ಬೇರೆಯಾಗಿ ಬಂದ ಬನಿಯಾಸ್ ಬುಡಕಟ್ಟಿನ ಒಂದು ಗುಂಪು ಇದರ ದಡದಲ್ಲಿ ನೆಲೆನಿಂತಿತು. ಇಂದಿಗೂ ಆಳುತ್ತಿರುವ ಮಕ್ತೂಮ್ ಮನೆತನ ಆ ಗುಂಪಿನದೇ. ಬೇಸಿಗೆಯಲ್ಲಿ ಮುತ್ತು ಹೆಕ್ಕಲು ಕಡಲಿಗೆ ಹೋಗುವುದು, ಉಳಿದಂತೆ ಮೀನು, ಖರ್ಜೂರ, ಅಷ್ಟಿಷ್ಟು ವ್ಯಾಪಾರ ಅಂದಿನ ಬದುಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎದುರು ದಡದ ಪರ್ಷಿಯಾ ತನ್ನ ಬಂದರುಗಳಲ್ಲಿ ಸುಂಕ ಬಿಗಿ ಮಾಡಿತು. ದುಬೈ ಅದೇ ಹೊತ್ತಿಗೆ ಆಮದು ಸುಂಕ ತೆಗೆದುಹಾಕಿತು. ಲಿಂಗೆ ಬಂದರಿನ ವರ್ತಕರು ಗಂಟುಮೂಟೆ ಕಟ್ಟಿಕೊಂಡು ಈಚೆ ದಡಕ್ಕೆ ಬಂದರು. ‘ನಿಮ್ಮ ಊರಲ್ಲಿ ಕಷ್ಟವೇ? ಇಲ್ಲಿಗೆ ಬನ್ನಿ, ತೆರಿಗೆ ಇಲ್ಲ’ ಎಂಬ ಕರೆಯನ್ನು ದುಬೈ ಅಂದಿನಿಂದ ಇಂದಿನವರೆಗೆ ಹೊಸ ಹೊಸ ಜನರಿಗೆ ಕೊಡುತ್ತಲೇ ಇದೆ.

1930ರ ಹೊತ್ತಿಗೆ ಜಪಾನಿನ ಕೃಷಿ ಮುತ್ತು ಮಾರುಕಟ್ಟೆಗೆ ಬಂತು. ಜಾಗತಿಕ ಆರ್ಥಿಕ ಕುಸಿತವೂ ಸೇರಿಕೊಂಡು ಕೊಲ್ಲಿಯ ಮುತ್ತಿನ ದಂಧೆ ಮಕಾಡೆ ಮಲಗಿತು. ಆಮೇಲಿನ ಎರಡು ದಶಕ ಬಡತನದ್ದು. ಕ್ರೀಕ್‌ನಲ್ಲಿ ಹೂಳು ತುಂಬಿ ದೊಡ್ಡ ದೋಣಿಗಳು ಒಳಬರದಂತಾಯಿತು. 1958ರಲ್ಲಿ ಪಟ್ಟಕ್ಕೆ ಬಂದ ಶೇಖ್ ರಶೀದ್ ಬಿನ್ ಸಯೀದ್ ಅಲ್ ಮಕ್ತೂಮ್ ಮೊದಲು ಕೈಹಾಕಿದ್ದೇ ಹೂಳೆತ್ತುವ ಕೆಲಸಕ್ಕೆ. ಬೊಕ್ಕಸದಲ್ಲಿ ಅಷ್ಟು ಹಣವಿರಲಿಲ್ಲ. ಕುವೈತ್‌ನಿಂದ ಸಾಲ ತಂದರು, ವರ್ತಕರಿಗೆ ಬಾಂಡ್ ಮಾರಿದರು. ತೈಲದ ಮೊದಲ ಹನಿ ಸಿಗುವ ಮುಂಚೆಯೇ, ಸಾಲದ ದುಡ್ಡಿನಲ್ಲಿ ಬಂದರು ಕಟ್ಟಿದ ಊರು ಇದು.

ಈ ಕಥೆಯಲ್ಲಿ ಭಾರತದ ಪಾತ್ರ ಚಿಕ್ಕದಲ್ಲ. 1909ರಲ್ಲಿ ದುಬೈನಲ್ಲಿ ತೆರೆದ ಅಂಚೆ ಕಚೇರಿ ಭಾರತೀಯ ಅಂಚೆಯದ್ದು. ಪೇಟೆಯಲ್ಲಿ ಓಡುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ಬಣ್ಣದ ‘ಗಲ್ಫ್ ರೂಪಾಯಿ’ ನೋಟು ಹೊರಡಿಸಿತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಮೌಲ್ಯ ಇಳಿಸಿದಾಗ ದುಬೈ ರೂಪಾಯಿಯ ಕೈಬಿಟ್ಟಿತು. ಇಂದಿನ ದಿರ್ಹಮ್ ಬಂದದ್ದು 1973ರಲ್ಲಿ. ನಮ್ಮಲ್ಲಿ ಚಿನ್ನದ ಆಮದಿಗೆ ಕಟ್ಟುನಿಟ್ಟು ಇದ್ದ ಆ ಕಾಲದಲ್ಲಿ ಲಂಡನ್‌ನಿಂದ ದುಬೈಗೆ ಬಂದ ಚಿನ್ನದ ಬಿಸ್ಕತ್ತುಗಳು ದೋಣಿಯೇರಿ ಭಾರತದ ಪಶ್ಚಿಮ ಕರಾವಳಿಗೆ ಹೊರಡುತ್ತಿದ್ದವು. ನಮ್ಮ ಕಾನೂನಿನ ಲೆಕ್ಕದಲ್ಲಿ ಅದು ಕಳ್ಳಸಾಗಣೆ, ದುಬೈನ ಲೆಕ್ಕದಲ್ಲಿ ಮರುರಫ್ತು. ಕ್ರೀಕ್ ದಡದ ದೇರಾ ಬಡಾವಣೆಯ ಚಿನ್ನದ ಪೇಟೆ ಬೆಳೆದ ಹಿನ್ನೆಲೆಯಲ್ಲಿ ನಮ್ಮ ಹೆಣ್ಣುಮಕ್ಕಳ ಕೊರಳಿನ ಪಾಲೂ ಇದೆ.

ತೈಲ ಸಿಕ್ಕ ಮೇಲೆ ಅದರ ಹಣವನ್ನೂ ಬಂದರಿಗೇ ಸುರಿದರು. 1972ರಲ್ಲಿ ರಶೀದ್ ಬಂದರು; 1979ರಲ್ಲಿ ಊರಿನಿಂದ 35 ಕಿಲೊಮೀಟರ್ ದೂರದ ಖಾಲಿ ತೀರದಲ್ಲಿ ನೆಲ ಅಗೆದು ಮಾಡಿದ ಜೆಬೆಲ್ ಅಲಿ ಬಂದರು. 1985ರಲ್ಲಿ ಅದರ ಪಕ್ಕದಲ್ಲೇ ಮುಕ್ತ ವಲಯ ತೆರೆದು, ವಿದೇಶಿ ಕಂಪನಿಗಳಿಗೆ ಪೂರ್ತಿ ಒಡೆತನ ಕೊಟ್ಟರು. ಅದೇ ವರ್ಷ ಅಕ್ಟೋಬರ್ 25ರಂದು ಎಮಿರೇಟ್ಸ್ ವಿಮಾನ ಸಂಸ್ಥೆಯ ಮೊದಲ ವಿಮಾನ ಕರಾಚಿಗೆ ಹಾರಿತು. ವಿಮಾನ ಪಾಕಿಸ್ತಾನದ ಸಂಸ್ಥೆಯಿಂದ ಬಾಡಿಗೆಗೆ ತಂದದ್ದು. 2024ರಲ್ಲಿ ದುಬೈ ವಿಮಾನ ನಿಲ್ದಾಣದ ಮೂಲಕ ಹಾದುಹೋದವರು 9.2 ಕೋಟಿಗೂ ಹೆಚ್ಚು. ಊರಿನ ಜನಸಂಖ್ಯೆ 40 ಲಕ್ಷದ ಹತ್ತಿರ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ದುಬೈ ಏನು ಮಾರುತ್ತದೆ ಎಂಬುದು ತಿಳಿಯುತ್ತದೆ. ಏಷ್ಯಾ, ಯುರೋಪ್, ಆಫ್ರಿಕಾಗಳ ನಡುವೆ ತಾನು ನಿಂತಿರುವ ಜಾಗವನ್ನೇ ಅದು ಮಾರುತ್ತಿದೆ.

ಗಾಳಿ ಹಿಡಿಯುವ ಗೋಪುರ

ಹಳೆಯ ದುಬೈ ನೋಡಬೇಕೆಂದರೆ ಮೆಟ್ರೊ ಹತ್ತಿ ಬರ್ ದುಬೈ ಕಡೆಗೆ ಹೋಗಬೇಕು. 2009ರಲ್ಲಿ ಶುರುವಾದ ಈ ಮೆಟ್ರೊಗೆ ಚಾಲಕರಿಲ್ಲ. ಹೆಂಗಸರು ಮತ್ತು ಮಕ್ಕಳಿಗೆ ಬೇರೆ ಡಬ್ಬಿ, ಹೆಚ್ಚು ದುಡ್ಡು ಕೊಟ್ಟವರಿಗೆ ‘ಗೋಲ್ಡ್’ ಡಬ್ಬಿ. ಒಳಗೆ ಏನಾದರೂ ತಿಂದರೆ, ಚೂಯಿಂಗ್ ಗಮ್ ಅಗಿದರೂ, 100 ದಿರ್ಹಮ್ ದಂಡ.

ಅಲ್ ಫಹೀದಿ ಎಂಬ ಹಳೆಯ ಬಡಾವಣೆ ಪರ್ಷಿಯಾದ ಬಸ್ತಕ್ ಕಡೆಯಿಂದ ಬಂದ ವರ್ತಕರು ಕಟ್ಟಿದ್ದು. ಅರ್ಧ ಭಾಗ ಹೊಸ ಕಟ್ಟಡಗಳಿಗಾಗಿ ಹೋಯಿತು, ಉಳಿದರ್ಧವನ್ನು ರಿಪೇರಿ ಮಾಡಿ ಕಾಪಾಡಿಕೊಂಡಿದ್ದಾರೆ. ಹವಳದ ಕಲ್ಲು, ಜಿಪ್ಸಮ್ ಗಾರೆಯ ಮಂಕು ಹಳದಿ ಗೋಡೆಗಳು. ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಬೇಕಾದಷ್ಟು ಕಿರಿದಾದ ಓಣಿಗಳು. ಓಣಿ ಕಿರಿದಾಗಿರುವುದು ಜಾಗದ ಕೊರತೆಯಿಂದಲ್ಲ, ಒಂದು ಮನೆಯ ನೆರಳು ಇನ್ನೊಂದು ಮನೆಯ ಗೋಡೆಗೆ ಬೀಳಲಿ ಎಂದು. ಪ್ರತಿ ಮನೆಯ ತಲೆಯ ಮೇಲೆ ನಾಲ್ಕೂ ಬದಿ ತೆರೆದ ಚೌಕ ಗೋಪುರ. ಅರಬಿಯಲ್ಲಿ ಬರ್ಜೀಲ್ ಅನ್ನುತ್ತಾರೆ.

ಅಂಥ ಒಂದು ಗೋಪುರದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದೆ. ಒಳಗೆ ಮೂಲೆಯಿಂದ ಮೂಲೆಗೆ ಎರಡು ಗೋಡೆಗಳು ಅಡ್ಡಡ್ಡ ಹಾದು ಗೋಪುರವನ್ನು ನಾಲ್ಕು ಕೊಳವೆಗಳಾಗಿ ಸೀಳಿವೆ. ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದು ಕೊಳವೆಗೆ ಸಿಕ್ಕಿಬಿದ್ದು ಕೆಳಗಿನ ಕೋಣೆಗೆ ಇಳಿಯುತ್ತದೆ. ಕೋಣೆಯ ಬಿಸಿಗಾಳಿ ಎದುರು ಕೊಳವೆಯಿಂದ ಮೇಲೇರಿ ಹೊರಬೀಳುತ್ತದೆ. ಹೊರಗಿನ ಓಣಿಯಲ್ಲಿ ಗಾಳಿ ಆಡದ ಹೊತ್ತಿನಲ್ಲೂ ಅಲ್ಲಿ ನಿಂತವರ ಕತ್ತಿಗೆ ತಣ್ಣಗೆ ಏನೋ ತಾಗುತ್ತದೆ. ಗೋಡೆಗಳಿಂದ ಹೊರಚಾಚಿದ ಮರದ ತೊಲೆಗಳು ಅಲಂಕಾರದಂತೆ ಕಂಡರೂ ಗೋಪುರ ಹತ್ತಿ ರಿಪೇರಿ ಮಾಡುವವರಿಗೆ ಕಾಲಿಡಲು ಅವೇ ಆಸರೆ. ವಿದ್ಯುತ್ ಬರುವ ಮುನ್ನ ಈ ಊರಿನಲ್ಲಿ ಜನ ಹೇಗೆ ಬದುಕಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಕ್ರೀಕ್. ಆಚೆ ದಡದ ದೇರಾಕ್ಕೆ ಹೋಗಲು ಅಬ್ರಾ ಎಂಬ ಮರದ ದೋಣಿಗಳಿವೆ. ಶುಲ್ಕ ಒಂದು ದಿರ್ಹಮ್, ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ರೂಪಾಯಿಯ ಆಸುಪಾಸು. ನಡುವೆ ಉದ್ದಕ್ಕೂ ಒಂದು ಹಲಗೆ. ಜನ ಬೆನ್ನಿಗೆ ಬೆನ್ನು ಕೊಟ್ಟು ನೀರಿನತ್ತ ಮುಖ ಮಾಡಿ ಕೂರುತ್ತಾರೆ. ನಡುವಿನ ಗುಳಿಯಲ್ಲಿ ಡೀಸೆಲ್ ಎಂಜಿನ್ ಗುಡುಗುಡು ಅನ್ನುತ್ತಿದ್ದರೆ ಪಕ್ಕದಲ್ಲಿ ನಿಂತವನು ಕಾಲಿನಲ್ಲಿ ಚುಕ್ಕಾಣಿ ಅದುಮಿಕೊಂಡೇ ಕೈಯಲ್ಲಿ ಚಿಲ್ಲರೆ ಎಣಿಸುತ್ತಾನೆ. ಟಿಕೆಟ್ ಇಲ್ಲ, ಸೀಟ್ ನಂಬರ್ ಇಲ್ಲ. ಕೆಲಸ ಮುಗಿಸಿ ಹೊರಟ ಪಠಾಣ, ಬಂಗಾಳಿ, ಮಲಯಾಳಿಗಳ ನಡುವೆ ಕ್ಯಾಮೆರಾ ಹಿಡಿದ ಪ್ರವಾಸಿಗೂ ಅದೇ ಹಲಗೆ, ಅದೇ ಒಂದು ದಿರ್ಹಮ್.

ದೇರಾ ದಡದಲ್ಲಿ ಧೋ ಎಂಬ ಸರಕಿನ ದೋಣಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಮಂಗಳೂರಿನ ಹಳೆಬಂದರಿನಲ್ಲಿ ಮಂಜಿ ದೋಣಿ ನೋಡಿದವರಿಗೆ ಅವುಗಳ ಹೊಟ್ಟೆ ಪರಿಚಿತವೇ. ರಸ್ತೆಯ ಪಕ್ಕದಲ್ಲೇ ಫ್ರಿಜ್ಜು, ಟೈರು, ಅಡುಗೆ ಎಣ್ಣೆಯ ಡಬ್ಬಿ, ಬಿಸ್ಕತ್ತಿನ ಪೆಟ್ಟಿಗೆಗಳ ರಾಶಿ. ಅವೆಲ್ಲ ಇರಾನ್‌ಗೆ, ಸೊಮಾಲಿಯಾಕ್ಕೆ ಹೋಗುವ ಸರಕು. ಹಿಂದಿನ ಗಲ್ಲಿಗಳಲ್ಲಿ ಮಸಾಲೆ ಪೇಟೆ, ಅದರಾಚೆ ಚಿನ್ನದ ಪೇಟೆ. ಚಿನ್ನಕ್ಕೆ ಆ ದಿನದ ಗ್ರಾಂ ದರವನ್ನು ಅಂಗಡಿಗಳಲ್ಲಿ ತೂಗುಹಾಕಿರುತ್ತಾರೆ. ಅದರಲ್ಲಿ ಚೌಕಾಸಿ ಇಲ್ಲ. ಚೌಕಾಸಿಗೆ ಜಾಗ ಇರುವುದು ಮಜೂರಿಯಲ್ಲಿ.

ನೀರೂ ತಂಪೂ ತಯಾರಾಗುವ ಬಗೆ

ಶೇಖ್ ಜಾಯೆದ್ ರಸ್ತೆಯ ಬದಿಯಲ್ಲಿ ಚಳಿಗಾಲದಲ್ಲಿ ಪೆಟೂನಿಯಾ ಹೂಗಳ ಹಾಸು ಕಣ್ಣು ಕೋರೈಸುತ್ತದೆ. ಬಗ್ಗಿ ಎಲೆ ಸರಿಸಿ ನೋಡಿದರೆ ಪ್ರತಿ ಸಾಲಿನಲ್ಲೂ ಹನಿ ನೀರಾವರಿಯ ಕಪ್ಪು ಪೈಪು, ಅದರಡಿಯಲ್ಲಿ ಬರೀ ಮರಳು. ಹನಿಯುವುದು ಊರಿನ ಚರಂಡಿ ನೀರನ್ನು ಶುದ್ಧೀಕರಿಸಿದ ನೀರು. ಮೂಲದಲ್ಲಿ ಆ ನೀರು ಸಮುದ್ರದ್ದು. ಒಂದೇ ಒಂದು ನದಿ ಇಲ್ಲದ, ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆಯೂ ಖಾತ್ರಿಯಿಲ್ಲದ ಊರಿನಲ್ಲಿ ನಲ್ಲಿಗೆ ಬರುವ ನೀರನ್ನು ಕಾರ್ಖಾನೆಯಲ್ಲೇ ತಯಾರಿಸಬೇಕು.

ಅದು ನಡೆಯುವುದು ಜೆಬೆಲ್ ಅಲಿಯಲ್ಲಿ. ವಿದ್ಯುತ್ ಸ್ಥಾವರ ಮತ್ತು ನೀರಿನ ಸ್ಥಾವರ ಅಲ್ಲಿ ಜೋಡಿಯಾಗಿವೆ. ವಿದ್ಯುತ್ ತಯಾರಿಸಿ ಮಿಕ್ಕ ಶಾಖದಿಂದ ಸಮುದ್ರದ ನೀರನ್ನು ಕಾಯಿಸಿ, ಒತ್ತಡ ಕಡಿಮೆಯಾಗುತ್ತಾ ಹೋಗುವ ಕೋಣೆಗಳ ಸಾಲಿಗೆ ಬಿಡುತ್ತಾರೆ. ಒತ್ತಡ ಇಳಿದ ಕೂಡಲೇ ನೀರು ಆವಿಯಾಗುತ್ತದೆ. ಆವಿ ತಣಿದರೆ ಸಿಹಿನೀರು, ಕೆಳಗೆ ಉಳಿಯುವುದು ಗಟ್ಟಿ ಉಪ್ಪುನೀರು. ಇದು ಹಳೆಯ ವಿಧಾನ. ಹೊಸ ಘಟಕಗಳು ಸಮುದ್ರದ ನೀರನ್ನು ಭಾರಿ ಒತ್ತಡದಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ನೂಕುತ್ತವೆ. ನಮ್ಮ ಮನೆಯ ಆರ್‌ಒ ಫಿಲ್ಟರ್‌ನಲ್ಲಿ ನಡೆಯುವುದೂ ಇದೇ, ಗಾತ್ರ ಮಾತ್ರ ಬೇರೆ. ಎರಡಕ್ಕೂ ಇಂಧನ ಬೇಕು, ಎರಡರಿಂದಲೂ ಗಟ್ಟಿ ಉಪ್ಪುನೀರು ಸಮುದ್ರಕ್ಕೆ ವಾಪಸ್ ಹೋಗುತ್ತದೆ. ಕೊಲ್ಲಿ ಆಳವಿಲ್ಲದ ಕಡಲು, ಮೊದಲೇ ಉಪ್ಪು ಜಾಸ್ತಿ. ದಡದ ಎಲ್ಲ ದೇಶಗಳೂ ಇದೇ ದಾರಿ ಹಿಡಿದಿರುವುದರಿಂದ ಮುಂದೇನು ಎಂಬ ಚಿಂತೆ ಅಲ್ಲಿನ ವಿಜ್ಞಾನಿಗಳಿಗೂ ಇದೆ.

ತಂಪಿನ ಕಥೆಯೂ ಹೀಗೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಪಮಾನ 40 ಡಿಗ್ರಿ ದಾಟುವುದು ದಿನನಿತ್ಯದ ಮಾತು, ಜೊತೆಗೆ ಕಡಲ ತೇವ. ಬೇಸಿಗೆಯಲ್ಲಿ ಊರಿನ ವಿದ್ಯುತ್ತಿನ ಬಹುಪಾಲನ್ನು ನುಂಗುವುದು ಎಸಿ. ಹೊಸ ಬಡಾವಣೆಗಳಲ್ಲಿ ಪ್ರತಿ ಕಟ್ಟಡಕ್ಕೂ ಬೇರೆ ಯಂತ್ರ ಇಡುವುದಿಲ್ಲ. ಒಂದು ಕೇಂದ್ರ ಸ್ಥಾವರದಲ್ಲಿ ನೀರನ್ನು ತಣ್ಣಗೆ ಮಾಡಿ ನೆಲದಡಿಯ ಪೈಪುಗಳಲ್ಲಿ ಬೀದಿ ಬೀದಿಗೆ ಹಂಚುತ್ತಾರೆ. ತಂಪಿಗೂ ತಿಂಗಳ ಬಿಲ್ಲು ಬರುತ್ತದೆ. ಬಸ್ ತಂಗುದಾಣಗಳಿಗೂ ಎಸಿ ಇದೆ. ಮಾಲ್ ಆಫ್ ದಿ ಎಮಿರೇಟ್ಸ್‌ನಲ್ಲಿ 2005ರಿಂದ ಒಂದು ಹಿಮದ ಗುಡ್ಡವೇ ಇದೆ. ಹೊರಗೆ 45 ಡಿಗ್ರಿ ಇರುವಾಗ ಒಳಗೆ ಸೊನ್ನೆಗಿಂತ ಕೆಳಗೆ. ಬಾಡಿಗೆ ಕೋಟು ತೊಟ್ಟು ಮಕ್ಕಳು ಹಿಮದಲ್ಲಿ ಜಾರುತ್ತವೆ.

ಇಷ್ಟು ಇಂಧನ ಸುಡುವ ಊರಿಗೆ ತನ್ನ ದೌರ್ಬಲ್ಯ ಗೊತ್ತಿಲ್ಲದೆ ಏನಿಲ್ಲ. ದಕ್ಷಿಣದ ಮರುಭೂಮಿಯಲ್ಲಿ 2013ರಿಂದ ಹಂತ ಹಂತವಾಗಿ ದೊಡ್ಡ ಸೌರ ಉದ್ಯಾನವನ್ನು ಕಟ್ಟುತ್ತಾ ಬಂದಿದ್ದಾರೆ. 2030ರ ಹೊತ್ತಿಗೆ 5,000 ಮೆಗಾವಾಟ್ ಎಂದು ಮೊದಲು ಇಟ್ಟುಕೊಂಡಿದ್ದ ಗುರಿಯನ್ನು ಆಮೇಲೆ ಇನ್ನೂ ಏರಿಸಿದ್ದಾರೆ. ಅಲ್ಲಿನ ಒಂದು ಘಟಕದಲ್ಲಿ 262 ಮೀಟರ್ ಎತ್ತರದ ಗೋಪುರದ ತುದಿಗೆ ಸಾವಿರಾರು ಕನ್ನಡಿಗಳು ಬಿಸಿಲನ್ನು ತಿರುಗಿಸುತ್ತವೆ, ಕರಗಿದ ಲವಣದಲ್ಲಿ ಶಾಖ ಹಿಡಿದಿಟ್ಟು ರಾತ್ರಿಯೂ ವಿದ್ಯುತ್ ತೆಗೆಯುತ್ತಾರೆ. ಅಂತೂ ಆ ನೆಲದಲ್ಲಿ ಧಾರಾಳವಾಗಿ ಸಿಗುವ ಬಿಸಿಲಿಗೂ ಒಂದು ಬೆಲೆ ಬಂದಿದೆ.

828 ಮೀಟರ್ ಮತ್ತು ಒಂದು ಸಾಲ

ಬುರ್ಜ್ ಖಲೀಫಾ ನೋಡದೆ ಬರುವವರಿಲ್ಲ. ನೋಡಬೇಕಾದದ್ದೂ ಹೌದು. 828 ಮೀಟರ್ ಎತ್ತರ, 160ಕ್ಕೂ ಹೆಚ್ಚು ಮಹಡಿ, ಬುಡದಲ್ಲಿ 50 ಮೀಟರ್ ಆಳದ 192 ಕಂಬಗಳು. ಮೇಲಿಂದ ನೋಡಿದರೆ ಮೂರು ಎಸಳಿನ ನಕ್ಷೆ. ಮೇಲೇರಿದಂತೆ ಎಸಳುಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ. ಪ್ರತಿ ಹಂತದಲ್ಲೂ ಆಕಾರ ಬದಲಾಗುವುದರಿಂದ ಗಾಳಿಗೆ ಗೋಪುರವನ್ನು ಒಂದೇ ಲಯದಲ್ಲಿ ತೂಗಾಡಿಸಲು ಆಗುವುದಿಲ್ಲ. ಬೇಸಿಗೆಯಲ್ಲಿ ಕಾಂಕ್ರೀಟ್ ಬೇಗ ಗಟ್ಟಿಯಾಗಿ ಬಿರುಕು ಬಿಡಬಾರದೆಂದು ನೀರಿನ ಜೊತೆ ಮಂಜುಗಡ್ಡೆ ಬೆರೆಸಿ ರಾತ್ರಿ ಹೊತ್ತು ಹಾಕಿದರು. ಹೊರಮೈಯ ಗಾಜನ್ನು ಒಂದು ಸುತ್ತು ಒರೆಸಿ ಮುಗಿಸಲು ಮೂರು–ನಾಲ್ಕು ತಿಂಗಳು ಹಿಡಿಯುತ್ತದೆ.

ಎತ್ತರದಿಂದ ಹುಟ್ಟಿದ ಒಂದು ಸ್ವಾರಸ್ಯ ಧರ್ಮಕ್ಕೂ ತಟ್ಟಿತು. ಮೇಲಿನ ಮಹಡಿಗಳಲ್ಲಿ ಸೂರ್ಯ ಕೆಲವು ನಿಮಿಷ ತಡವಾಗಿ ಮುಳುಗುತ್ತಾನೆ. ಹಾಗಾದರೆ ರಂಜಾನ್ ಉಪವಾಸ ಬಿಡುವುದು ಯಾವಾಗ? 2011ರಲ್ಲಿ ದುಬೈನ ಧರ್ಮಾಧಿಕಾರಿಗಳು ಇದಕ್ಕೆ ಉತ್ತರ ಕೊಟ್ಟರು: 80ನೇ ಮಹಡಿಯ ಮೇಲಿನವರು ಎರಡು ನಿಮಿಷ, 150ನೇ ಮಹಡಿಯ ಮೇಲಿನವರು ಮೂರು ನಿಮಿಷ ಹೆಚ್ಚು ಕಾಯಬೇಕು.

ಕಟ್ಟುವಾಗ ಈ ಗೋಪುರದ ಹೆಸರು ಬುರ್ಜ್ ದುಬೈ. 2008ರ ಜಾಗತಿಕ ಕುಸಿತ ದುಬೈಯನ್ನೂ ಬಿಡಲಿಲ್ಲ. 2009ರ ನವೆಂಬರ್‌ನಲ್ಲಿ ಸರ್ಕಾರಿ ಒಡೆತನದ ದುಬೈ ವರ್ಲ್ಡ್ ಸಮೂಹ ಸಾಲ ತೀರಿಸಲು ಸಮಯ ಕೇಳಿದಾಗ ಜಗತ್ತಿನ ಮಾರುಕಟ್ಟೆಗಳೇ ನಡುಗಿದವು. ಡಿಸೆಂಬರ್‌ನಲ್ಲಿ ಅಬುಧಾಬಿ 1,000 ಕೋಟಿ ಡಾಲರ್ ಕೊಟ್ಟು ಕೈಹಿಡಿಯಿತು. 2010ರ ಜನವರಿ 4ರಂದು ಗೋಪುರ ಉದ್ಘಾಟನೆಯಾದಾಗ ಅದಕ್ಕೆ ಅಬುಧಾಬಿಯ ದೊರೆ ಶೇಖ್ ಖಲೀಫಾ ಅವರ ಹೆಸರಿತ್ತು. ಕುಸಿತಕ್ಕೆ ಮೊದಲಿನ ಉಮೇದಿನಲ್ಲಿ ಭೂಪಟದ ಆಕಾರದಲ್ಲಿ ಸಮುದ್ರಕ್ಕೆ ಸುರಿದ ಸುಮಾರು 300 ದ್ವೀಪಗಳ ‘ದಿ ವರ್ಲ್ಡ್’ ಯೋಜನೆಯಲ್ಲಿ ಬಹಳಷ್ಟು ದ್ವೀಪಗಳು ಇಂದಿಗೂ ಖಾಲಿ ಮರಳುದಿಬ್ಬಗಳು. ದುಬೈ ಗೆದ್ದ ಜೂಜುಗಳು ಫೋಟೊದಲ್ಲಿ ಕಾಣುತ್ತವೆ, ಸೋತವು ವಿಮಾನದ ಕಿಟಕಿಯಿಂದ ಮಾತ್ರ.

ದುಡಿಯಲು ಬಂದವರು

ಊರಿನ ಜನರಲ್ಲಿ ಅಲ್ಲಿನ ಪೌರತ್ವ ಇರುವವರು ಹತ್ತಕ್ಕೆ ಒಬ್ಬರು. ಉಳಿದವರೆಲ್ಲ ಕೆಲಸದ ವೀಸಾದ ಮೇಲೆ ಇರುವವರು ಮತ್ತು ಅವರ ಕುಟುಂಬದವರು. ಯುಎಇಯಲ್ಲಿ ಭಾರತೀಯರೇ 35 ಲಕ್ಷಕ್ಕೂ ಹೆಚ್ಚು. ವಿದೇಶದಲ್ಲಿರುವ ಭಾರತೀಯರು ಊರಿಗೆ ಕಳಿಸುವ ಹಣದಲ್ಲಿ ಅಮೆರಿಕದ ನಂತರದ ಸ್ಥಾನ ಯುಎಇಯದ್ದು. ಕೆಲವು ವರ್ಷಗಳ ಹಿಂದಿನವರೆಗೆ ಮೊದಲ ಸ್ಥಾನವೇ ಅದರದಾಗಿತ್ತು.

ನಮ್ಮ ಕರಾವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಟ್ಕಳ, ಉಡುಪಿ, ಮಂಗಳೂರಿನ ಎಷ್ಟೋ ಮನೆಗಳ ತಾರಸಿ, ಮಕ್ಕಳ ಕಾಲೇಜು ಫೀಸು, ತಂಗಿಯ ಮದುವೆ ನಡೆದದ್ದು ಗಲ್ಫ್ ದುಡ್ಡಿನಲ್ಲಿ. ಕರಾಮ ಮತ್ತು ಬರ್ ದುಬೈ ಬೀದಿಗಳಲ್ಲಿ ಅರ್ಧ ಗಂಟೆ ಅಡ್ಡಾಡಿದರೆ ತುಳು, ಬ್ಯಾರಿ, ಕೊಂಕಣಿ, ನವಾಯತಿ ಕಿವಿಗೆ ಬೀಳುತ್ತವೆ. ಉಡುಪಿ ಹೋಟೆಲಿನಲ್ಲಿ ಬೆಳಗ್ಗೆ ಇಡ್ಲಿ–ವಡೆಗೆ ಸಾಲು ನಿಲ್ಲುತ್ತದೆ. ಯಕ್ಷಗಾನ ಕಲಿಸುವ, ಕುಣಿಯುವ ತಂಡಗಳೂ ಅಲ್ಲಿವೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವಾಗ ಕಣಿವೆಗೆ ಉರುಳಿ 158 ಜನ ಸತ್ತರು. ಬಹಳಷ್ಟು ಮಂದಿ ರಜೆಗೆ, ಮದುವೆಗೆ, ಮಣ್ಣಿಗೆಂದು ಊರಿಗೆ ಹೊರಟಿದ್ದ ದುಡಿಯುವ ಜನ. ಕರಾವಳಿಯವರ ಪಾಲಿಗೆ ದುಬೈ ಎಂದರೆ ಆ ಬೆಳಗ್ಗೆಯೂ ಹೌದು.

ಕಟ್ಟಡ ಕಾರ್ಮಿಕರ ವಸತಿಗಳು ಪ್ರವಾಸಿ ನಕ್ಷೆಯಲ್ಲಿ ಇರುವುದಿಲ್ಲ. ಅಲ್ ಕೂಜ್, ಸೋನಾಪುರ ಕಡೆಯ ಶಿಬಿರಗಳಿಂದ ನಸುಕಿನಲ್ಲೇ ಹೊರಡುವ ಬಸ್ಸುಗಳ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದವರನ್ನು ನೋಡಿದರೆ ಈ ಊರಿನ ಇನ್ನೊಂದು ಲೆಕ್ಕ ಸಿಗುತ್ತದೆ. ವೀಸಾ ಮಾಲೀಕನಿಗೆ ಅಂಟಿಕೊಂಡಿರುವ ‘ಕಫಾಲಾ’ ಪದ್ಧತಿ, ಏಜೆಂಟರಿಗೆ ಕೊಡಲು ಮಾಡಿದ ಸಾಲ, ಕೈಯಲ್ಲಿ ಇಲ್ಲದ ಪಾಸ್‌ಪೋರ್ಟ್ ಬಗ್ಗೆ ದಶಕಗಳಿಂದ ದೂರುಗಳಿವೆ. ಕಾನೂನು ಬದಲಾಗಿಲ್ಲವೆಂದಲ್ಲ. ಸಂಬಳ ಬ್ಯಾಂಕಿನ ಮೂಲಕವೇ ಪಾವತಿಯಾಗಬೇಕೆಂಬ ವ್ಯವಸ್ಥೆ 2009ರಿಂದ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಅಪರಾಧ. ಆದರೆ ಕಾರ್ಮಿಕ ಸಂಘ ಕಟ್ಟುವ ಹಕ್ಕು, ಮುಷ್ಕರದ ಹಕ್ಕು ಇಂದಿಗೂ ಇಲ್ಲ. 2019ರಲ್ಲಿ ಬಂದ ಹತ್ತು ವರ್ಷದ ಗೋಲ್ಡನ್ ವೀಸಾ ಹಣವಂತರಿಗೆ, ದೊಡ್ಡ ವೃತ್ತಿಪರರಿಗೆ. ಮೂವತ್ತು ವರ್ಷ ಗಾರೆ ಕಲಸಿದವನು ಕೆಲಸ ಮುಗಿದ ಮೇಲೆ ಊರಿಗೆ ಹೊರಡಲೇಬೇಕು.

ಬನ್ನಿ ಮರ ಮತ್ತು ಮಳೆ

ಗೋಪುರಗಳಿಂದ ಮುಕ್ಕಾಲು ಗಂಟೆ ದೂರ ಹೋದರೆ ನಿಜವಾದ ಮರುಭೂಮಿ. ಸಫಾರಿಗೆ ಕರೆದೊಯ್ಯುವ ಚಾಲಕ ಮೊದಲು ಟೈರಿನ ಗಾಳಿ ಇಳಿಸುತ್ತಾನೆ. ಟೈರು ಅಗಲವಾಗಿ ಹರಡಿದರೆ ಮರಳಲ್ಲಿ ಹೂತುಕೊಳ್ಳುವುದಿಲ್ಲ. ದಿಬ್ಬ ಹಾರಿಸುವ ಆ ಗದ್ದಲಕ್ಕಿಂತ ನೋಡಬೇಕಾದದ್ದು ದುಬೈ ಮರುಭೂಮಿ ಸಂರಕ್ಷಣಾ ಪ್ರದೇಶ. ಸುಮಾರು 225 ಚದರ ಕಿಲೊಮೀಟರ್, ದುಬೈ ಎಮಿರೇಟ್‌ನ ನೆಲದಲ್ಲಿ ಶೇ 5ರಷ್ಟು. 1970ರ ದಶಕದ ಆರಂಭದಲ್ಲಿ ಕಾಡಿನಿಂದ ಸಂಪೂರ್ಣ ಕಣ್ಮರೆಯಾಗಿದ್ದ ಬಿಳಿ ಮೈಯ ಅರೇಬಿಯನ್ ಓರಿಕ್ಸ್ ಹುಲ್ಲೆಗಳು ಮತ್ತೆ ಇಲ್ಲಿ ಮೇಯುತ್ತಿವೆ.

ದಿಬ್ಬಗಳ ನಡುವೆ ಅಲ್ಲೊಂದು ಇಲ್ಲೊಂದು ಬಾಗಿದ ಕೊಂಬೆಯ ಮರ ಕಾಣುತ್ತದೆ. ಯುಎಇಯ ರಾಷ್ಟ್ರವೃಕ್ಷ ಘಾಫ್ ಅದು. ಬೇರು ಮೂವತ್ತು ಮೀಟರ್‌ವರೆಗೂ ಇಳಿದು ನೀರು ಹುಡುಕುತ್ತದೆ, ಎಲೆ–ಕಾಯಿ ಒಂಟೆಗಳಿಗೆ ಮೇವು, ನೆರಳು ಅಲೆಮಾರಿಗಳಿಗೆ. ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಸಿನರೇರಿಯಾ ಎಂದು ಕರೆಯುವ ಈ ಮರ ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ. ದುಬೈನಲ್ಲಿ ಹೊರಗಿನಿಂದ ಬರದೆ, ಯಾರೂ ನೀರು ಹನಿಸದೆ, ತಾನಾಗಿ ನಿಂತಿರುವುದು ಇದೊಂದೇ ಏನೋ.

ಆ ಊರಿನ ಲೆಕ್ಕಾಚಾರಕ್ಕೆ ಸಿಗದ ಇನ್ನೊಂದು ಸಂಗತಿ 2024ರ ಏಪ್ರಿಲ್ 16ರಂದು ಬಂತು. ಯುಎಇಯಲ್ಲಿ 1949ರಲ್ಲಿ ಮಳೆಯ ದಾಖಲೆ ಶುರುವಾದ ಮೇಲಿನ ಅತಿ ದೊಡ್ಡ ಮಳೆ. ಅಲ್ ಐನ್ ಪ್ರದೇಶದ ಒಂದು ಕಡೆ ಒಂದು ದಿನವೂ ತುಂಬುವ ಮೊದಲೇ 254 ಮಿಲಿಮೀಟರ್ ಸುರಿಯಿತು. ದುಬೈನ ರನ್‌ವೇ ಕೆರೆಯಾಯಿತು, ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು, ದುಬಾರಿ ಕಾರುಗಳು ಹೆದ್ದಾರಿಯಲ್ಲೇ ಮುಳುಗಿದವು. ಹನಿ ನೀರಿಗೂ ಕಾರ್ಖಾನೆ ಕಟ್ಟಿದ ಊರು ಮಳೆನೀರು ಹರಿದುಹೋಗಲು ಸಾಕಷ್ಟು ಚರಂಡಿ ಕಟ್ಟಿರಲಿಲ್ಲ. ಎರಡೇ ತಿಂಗಳಲ್ಲಿ 3,000 ಕೋಟಿ ದಿರ್ಹಮ್‌ನ ಚರಂಡಿ ಯೋಜನೆಗೆ ಒಪ್ಪಿಗೆ ಸಿಕ್ಕಿತು. ತಪ್ಪು ಆಗುವುದು ಎಲ್ಲ ಊರುಗಳಲ್ಲೂ ಇದ್ದದ್ದೇ. ತಿದ್ದುವ ವೇಗದಲ್ಲಿ ನಮ್ಮ ಬೆಂಗಳೂರು ದುಬೈಯಿಂದ ಕಲಿಯುವುದು ಬಹಳವಿದೆ.

ಹೋಗುವವರಿಗೆ ನಾಲ್ಕು ಮಾತು

ನವೆಂಬರ್‌ನಿಂದ ಮಾರ್ಚ್‌ವರೆಗೆ ಹವೆ ಹಿತ. ಬೇಸಿಗೆಯಲ್ಲಿ ಹೋಟೆಲ್ ಅಗ್ಗ, ಆದರೆ ಹಗಲು ಹೊರಗೆ ನಡೆಯಲು ಆಗದು. ಅಮ್ಮ ಕಟ್ಟಿಕೊಡುವ ಡಬ್ಬಿಯಲ್ಲಿ ಗಸಗಸೆ ಇರದಂತೆ ನೋಡಿಕೊಳ್ಳಿ. ಯುಎಇಯಲ್ಲಿ ಅದು ನಿಷಿದ್ಧ ಮಾದಕ ಪದಾರ್ಥಗಳ ಪಟ್ಟಿಯಲ್ಲಿದೆ. ಗೊತ್ತಿರಲಿಲ್ಲ ಎಂಬ ಮಾತು ನಡೆಯುವುದಿಲ್ಲ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆಗಳಿಗೆ ಮುಂಚಿತ ಅನುಮತಿ ಬೇಕು. ಅಪರಿಚಿತರ, ಅದರಲ್ಲೂ ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಚಿನ್ನ ಕೊಳ್ಳುವ ಮುನ್ನ ಭಾರತದ ಕಸ್ಟಮ್ಸ್ ನಿಯಮ ಓದಿ. ಆಭರಣಕ್ಕೆ ಸುಂಕ ವಿನಾಯಿತಿ ಇರುವುದು ವರ್ಷಕ್ಕೂ ಹೆಚ್ಚು ಕಾಲ ಹೊರದೇಶದಲ್ಲಿ ಇದ್ದವರಿಗೆ, ನಾಲ್ಕು ದಿನದ ಪ್ರವಾಸಿಗಲ್ಲ. ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿಕೊಳ್ಳಬಹುದು ಎಂದು ಯಾರಾದರೂ ಏಜೆಂಟ್ ಹೇಳಿದರೆ ನಂಬಬೇಡಿ, ಅದು ಅಲ್ಲಿನ ಕಾನೂನಿಗೆ ವಿರುದ್ಧ. ಕೇಂದ್ರ ಸರ್ಕಾರದ ಇ–ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ.

ಮೊದಲ ಭೇಟಿಗೆ ನಾಲ್ಕು ದಿನ ಸಾಕು. ಎರಡು ದಿನ ಗೋಪುರ ಮತ್ತು ಮಾಲ್‌ಗಳಿಗೆ, ಒಂದು ದಿನ ಮರುಭೂಮಿಗೆ, ಒಂದು ಪೂರ್ತಿ ದಿನ ಕ್ರೀಕ್‌ನ ಎರಡೂ ದಡಕ್ಕೆ. ಸೂರ್ಯಾಸ್ತದ ಹೊತ್ತಿಗೆ ಬುರ್ಜ್ ಖಲೀಫಾ ಹತ್ತುವ ಟಿಕೆಟ್ ದುಬಾರಿ. ಅಬ್ರಾದ ಶುಲ್ಕ ಎಲ್ಲ ಹೊತ್ತಿಗೂ ಒಂದೇ. ಕೈಯಲ್ಲಿ ದುಡ್ಡೋ ದಿನವೋ ಕಡಿಮೆಯಿದ್ದರೆ ಬಿಡಬೇಕಾದದ್ದು ಗೋಪುರವನ್ನು, ಕ್ರೀಕನ್ನಲ್ಲ.